ಒಂದು ಆಲೂಗಡ್ಡೆ, ಒಂದು ಚಮಚ ಸಕ್ಕರೆ

ನಾನು ಮೊದಲು ಓದಿದ್ದು ಮದ್ರಸದಲ್ಲಿ, ಆಮೇಲೆ ಬಿ.ಎ. ಮಾಡಿದೆ. ವಿಜ್ಞಾನ ನನ್ನ ವಿಷಯವಲ್ಲ. ಆದರೆ ಗಬ್ಬೂರಿನ ನಮ್ಮ ಮನೆಗೆ ಸಂಜೆ ಪಾಠಕ್ಕೆ ಬರುವ ಹೆಣ್ಣುಮಕ್ಕಳು ಯಾವ ಪುಸ್ತಕ ತಂದರೂ ಓದಿಸಲೇಬೇಕು. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಜೀವಕೋಶದ ಪಾಠವಿದೆ. ಅದರಲ್ಲಿ ಬರುವ ಆಲೂಗಡ್ಡೆಯ ಪ್ರಯೋಗವನ್ನು ನಾವು ಅಡುಗೆಮನೆಯಲ್ಲೇ ಮಾಡಿದೆವು.

ಸಿಪ್ಪೆ ತೆಗೆದ ಆಲೂಗಡ್ಡೆಯ ನಾಲ್ಕು ಅರ್ಧ ಹೋಳುಗಳನ್ನು ಬಟ್ಟಲಿನಂತೆ ಕೊರೆಯಬೇಕು. ಒಂದು ಹೋಳು ಮಾತ್ರ ಬೇಯಿಸಿದ ಆಲೂಗಡ್ಡೆಯದ್ದಾಗಿರಬೇಕು. ನಾಲ್ಕನ್ನೂ ನೀರಿರುವ ತಟ್ಟೆಯಲ್ಲಿ ಇಡಬೇಕು. ಮೊದಲನೆಯದು ಖಾಲಿ. ಎರಡನೆಯದಕ್ಕೆ ಒಂದು ಚಮಚ ಸಕ್ಕರೆ, ಮೂರನೆಯದಕ್ಕೆ ಒಂದು ಚಮಚ ಉಪ್ಪು, ಬೇಯಿಸಿದ್ದಕ್ಕೂ ಒಂದು ಚಮಚ ಸಕ್ಕರೆ. ಎರಡು ತಾಸು ಬಿಟ್ಟು ನೋಡಿದರೆ ಸಕ್ಕರೆ ಮತ್ತು ಉಪ್ಪು ಹಾಕಿದ ಹಸಿ ಬಟ್ಟಲುಗಳಲ್ಲಿ ನೀರು ತುಂಬಿತ್ತು. ಖಾಲಿ ಬಟ್ಟಲಿನಲ್ಲಿ ಇಲ್ಲ, ಬೇಯಿಸಿದ್ದರಲ್ಲೂ ಇಲ್ಲ.

"ಆಪಾ, ಕುದಿಸಿದ್ದರಾಗ ಯಾಕ ನೀರು ಬರಲಿಲ್ರೀ?" ಎಂದು ಒಬ್ಬಳು ಕೇಳಿದಳು.

ಉತ್ತರವೇ ಪಾಠದ ತಿರುಳು. ಪ್ರತಿ ಜೀವಕೋಶದ ಸುತ್ತ ತೆಳುವಾದ ಪೊರೆಯಿದೆ. ಅದು ನೀರನ್ನು ಸುಲಭವಾಗಿ ಬಿಡುತ್ತದೆ, ಸಕ್ಕರೆ ಉಪ್ಪನ್ನು ಹಾಗೆ ಬಿಡುವುದಿಲ್ಲ. ಆದ್ದರಿಂದ ನೀರೇ ಉಪ್ಪು ಸಕ್ಕರೆ ಹೆಚ್ಚಿರುವ ಕಡೆಗೆ ಹರಿಯುತ್ತದೆ. ಇದಕ್ಕೆ ಅಭಿಸರಣೆ ಎಂದು ಹೆಸರು. ಬೇಯಿಸಿದಾಗ ಪೊರೆ ಹಾಳಾಗುತ್ತದೆ, ಅಭಿಸರಣೆ ನಿಲ್ಲುತ್ತದೆ. ಇದರ ನಿಯಮಗಳನ್ನು ಲೆಕ್ಕಕ್ಕೆ ತಂದ ಹಾಲೆಂಡಿನ ವ್ಯಾಂಟ್ ಹಾಫ್ 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಪಡೆದರು.

ಹೆಸರು ಹೊಸದಾದರೂ ಕೆಲಸ ನಮಗೆ ಹಳೆಯದು. ಉಪ್ಪು ಹಚ್ಚಿದ ಮಾವಿನ ಹೋಳು ನೀರು ಬಿಡುತ್ತದೆ. ಈದಿನ ಶೀರ್‌ಖುರ್ಮಾಕ್ಕೆ ನೆನೆಹಾಕಿದ ಒಣದ್ರಾಕ್ಷಿ ಉಬ್ಬುತ್ತದೆ. ಒಂದರಲ್ಲಿ ನೀರು ಹೊರಗೆ, ಇನ್ನೊಂದರಲ್ಲಿ ಒಳಗೆ.

ಅದೇ ತಿಂಗಳು ಆ ಹುಡುಗಿಯ ತಮ್ಮನಿಗೆ ಭೇದಿ ಶುರುವಾಯಿತು. ತಾಯಿ ಓ.ಆರ್.ಎಸ್. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದೇ ಲೋಟ ನೀರಿಗೆ ಕಲಸಿದ್ದರು. ಗಟ್ಟಿಯಿದ್ದರೆ ಬೇಗ ಗುಣವಾಗುತ್ತದೆಂಬ ಭಾವನೆ. ಹುಡುಗಿ ಪೊಟ್ಟಣದ ಮೇಲಿನ ಬರಹ ಓದಿ, "ಅಮ್ಮೀ, ಒಂದು ಲೀಟರ್ ನೀರು ಬೇಕು. ಇಷ್ಟು ಗಟ್ಟಿ ಕುಡಿಸಿದರ ಹೊಟ್ಟಿಯೊಳಗ ಇನ್ನಷ್ಟು ನೀರು ಎಳಕೊಂತೈತಿ" ಎಂದಳಂತೆ. ತಾಯಿ ಅದನ್ನು ಚೆಲ್ಲಿ ಬೇರೆ ಕಲಸಿದರು. ಮರುದಿನ ನನಗೆ ಹೇಳಿದವರೂ ಆ ತಾಯಿಯೇ.

ಹುಡುಗಿ ಹೇಳಿದ್ದು ಸರಿ. ಕರುಳಿನಲ್ಲಿ ಗ್ಲೂಕೋಸ್ ಮತ್ತು ಉಪ್ಪು ಜೊತೆಯಾಗಿ ಒಳಸೇರುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. ದ್ರಾವಣ ಅತಿ ಗಟ್ಟಿಯಾದರೆ ದೇಹದ ನೀರೇ ಕರುಳಿಗೆ ಬಂದು ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಉಪ್ಪು ಏರುವ ಅಪಾಯವೂ ಇದೆ. ಅಳತೆ ಸರಿಯಿದ್ದರೆ ಇದೇ ನೀರು ಜೀವ ಉಳಿಸುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಇದನ್ನೇ ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಅಲ್ಲಿ ಸಾವಿನ ಪ್ರಮಾಣ ನೂರಕ್ಕೆ ಸುಮಾರು 30ರಿಂದ 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಘೋಷಿಸಲಾಯಿತು.

ಸಹೋದರಿಯರೇ, ಪೊಟ್ಟಣಗಳು ಎರಡು ಅಳತೆಯಲ್ಲಿ ಸಿಗುತ್ತವೆ. ದೊಡ್ಡದು ಒಂದು ಲೀಟರಿಗೆ, ಚಿಕ್ಕದು 200 ಮಿಲಿಲೀಟರಿಗೆ. ಓದಿಯೇ ಕಲಸಿರಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಿರಿ, ಎದೆಹಾಲು ನಿಲ್ಲಿಸಬೇಡಿರಿ, 24 ತಾಸಿನ ನಂತರ ಉಳಿದದ್ದನ್ನು ಚೆಲ್ಲಿರಿ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ನಮ್ಮ ಓಣಿಯಲ್ಲಿ ಈಗಲೂ ಕೆಲವರು ಕೇಳುತ್ತಾರೆ: "ಹುಡುಗಿಗೆ ವಿಜ್ಞಾನ ಯಾಕ್ರೀ? ನಾಳೆ ಅಡಿಗಿ ಮಾಡೋದು ತಪ್ಪತೈತೇನು?" ತಪ್ಪುವುದಿಲ್ಲ. ಆದರೆ ಆ ಅಡುಗೆಮನೆಯಲ್ಲೇ ಮಗುವಿಗೆ ಔಷಧಿ ಕಲಸುವವಳೂ ಅವಳೇ. ಅವಳ ತಾಯಿ ಮುಂದಿನ ವರ್ಷದ ಪುಸ್ತಕಗಳಿಗೆ ಈಗಲೇ ಹಣ ಎತ್ತಿಟ್ಟಿದ್ದಾರೆ.