ಮನೆ ಬಿಟ್ಟ ಮಗ, ಊರಾದ ಹೆಸರು

ಬಸವಣ್ಣನವರ ಬಾಗೇವಾಡಿ ನಮ್ಮ ಹೂವಿನ ಹಿಪ್ಪರಗಿಗೆ ದೂರವಲ್ಲ. ಜನಿವಾರವನ್ನು ನಿರಾಕರಿಸಿ ಹುಟ್ಟಿದ ಮನೆಯನ್ನು ತೊರೆದು ಕೂಡಲಸಂಗಮದ ದಾರಿ ಹಿಡಿದ ಬಾಲಕನ ಕಥೆಯನ್ನು ಇಲ್ಲಿಯ ಮಕ್ಕಳು ಬಾಲ್ಯದಿಂದಲೇ ಕೇಳಿ ಬಲ್ಲರು. ಆದ್ದರಿಂದ ಹೆರ್ಮನ್ ಆನಂದರಾವ್ ಕೌಂಡಿನ್ಯರ ಜೀವನವನ್ನು ಓದುವಾಗ ನಮಗೆ ಅದು ಪರದೇಶದ ಕಥೆಯೆನಿಸುವುದಿಲ್ಲ.

1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿದ ಆನಂದರಾಯರು ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರ ಶಾಲೆಯ ವಿದ್ಯಾರ್ಥಿ. 1844ರ ಜನವರಿಯಲ್ಲಿ ಅವರು ದೀಕ್ಷಾಸ್ನಾನ ಪಡೆದಾಗ ಪೇಟೆಯೇ ಕಲಕಿಹೋಯಿತು. ಗುರುವಿನ ಹೆಸರನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡರು; ಮನೆತನದ ಹೆಸರನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ನನಗೆ ಇದು ಬಹಳ ಹಿಡಿಸುತ್ತದೆ. ಮತ ಬದಲಿಸಿದವನಿಗೆ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂಬ ಕಾನೂನು ಬಂದದ್ದು 1850ರಲ್ಲಿ. ಅಂದರೆ ಈ ತರುಣನು ಹೆಜ್ಜೆಯಿಟ್ಟಾಗ ಅಂತಹ ಆಸರೆಯೂ ಇರಲಿಲ್ಲ.

ಆದರೆ ಬೆಲೆ ತೆತ್ತವರು ಅವರೊಬ್ಬರೇ ಅಲ್ಲ. ಎಳೆಯ ವಯಸ್ಸಿನಲ್ಲೇ ಕೈಹಿಡಿದ ಪತ್ನಿ ಅವರೊಡನೆ ಬರಲಿಲ್ಲ. ಹಿರಿಯರು ತಡೆದರೋ, ಆಕೆಯ ಮನಸ್ಸೇ ಒಪ್ಪಲಿಲ್ಲವೋ, ಅಂದಿನ ಸಮಾಜದಲ್ಲಿ ಆಕೆಯನ್ನು ಕೇಳುವವರಾದರೂ ಯಾರು? ಕೌಂಡಿನ್ಯರನ್ನು ಕೊಂಡಾಡುವ ನಮ್ಮ ಪ್ರಸಂಗಗಳಲ್ಲಿ ಆಕೆಗೆ ಒಂದು ವಾಕ್ಯವೂ ದೊರೆಯುವುದಿಲ್ಲ. ಊರ್ ಪಟ್ಟಣವನ್ನು ಬಿಟ್ಟು ಹೊರಟ ಅಬ್ರಹಾಮನ ಜೊತೆ ಸಾರಳಾದರೂ ಇದ್ದಳು.

1846ರಲ್ಲಿ ಮೋಗ್ಲಿಂಗರೊಡನೆ ಬಾಸೆಲಿಗೆ ತೆರಳಿ ದೇವಶಾಸ್ತ್ರವನ್ನು ಅಭ್ಯಸಿಸಿದರು. 1851ರಲ್ಲಿ ಗುರುದೀಕ್ಷೆ ಪಡೆದು ಹಿಂದಿರುಗಿ, ಮಂಗಳೂರಿನಲ್ಲಿ ಸಭೆಯ ಉಪದೇಶಕರನ್ನು ತರಬೇತುಗೊಳಿಸುವ ಕೆಲಸದಲ್ಲಿ ಬಹುಕಾಲ ದುಡಿದರು. ಮುಂದೆ ಅವರು ಕೈಹಿಡಿದದ್ದು ಜರ್ಮನ್ ಮಹಿಳೆಯೊಬ್ಬರನ್ನು. ಅದು ಆ ಕಾಲಕ್ಕೆ ಎರಡು ಸಮಾಜಗಳ ಹುಬ್ಬನ್ನೂ ಮೇಲೇರಿಸುವಂತಹ ಮದುವೆ.

ಪಾಂಡಿತ್ಯಕ್ಕಿಂತ ಮಿಗಿಲಾಗಿ ನನ್ನ ಮನಸ್ಸಿನಲ್ಲಿ ನಿಲ್ಲುವುದು ಕೊಡಗಿನ ಸಂಗತಿ. ಅಲ್ಲಿ ತಲೆತಲಾಂತರದಿಂದ ಒಡೆಯರ ಹೊಲಗಳಲ್ಲಿ ಜೀತದಾಳುಗಳಾಗಿದ್ದ ದಲಿತ ಕುಟುಂಬಗಳು ಮೋಗ್ಲಿಂಗರ ಬಳಿಗೆ ಬಂದವು. ಕ್ರೈಸ್ತರಾದರು ಸರಿ, ಮರುದಿನ ಉಳುವುದು ಯಾರ ನೆಲವನ್ನು, ಮಲಗುವುದು ಯಾರ ಸೂರಿನಡಿ? ಈ ಪ್ರಶ್ನೆಗೆ ಬೋಧನೆಯಿಂದ ಉತ್ತರ ಹೇಳಲಾಗದು. ಕೌಂಡಿನ್ಯರು ತಮ್ಮ ಸ್ವಂತ ಆಸ್ತಿಯ ಭಾಗವನ್ನೇ ನೀಡಿದರು. ಒಂದು ಕಾಲಕ್ಕೆ ಯಾರ ನೆರಳು ಸೋಕಿದರೂ ಮೈಲಿಗೆಯೆಂದು ಅವರ ಮನೆಯವರು ನಂಬಿದ್ದರೋ, ಅವರ ಗುಡಿಸಲುಗಳು ಆ ನೆಲದ ಮೇಲೆದ್ದವು. ಅವರ ಹೆಸರಿನಿಂದಲೇ ಆ ನೆಲೆ ಆನಂದಪುರವಾಯಿತು.

ಕೌಂಡಿನ್ಯರು 1893ರಲ್ಲಿ ತೀರಿಕೊಂಡರು. ಕಾಫಿ ತೋಟಗಳ ನಡುವಿನ ಆನಂದಪುರ ಇಂದಿಗೂ ಇದೆ, ಸಭೆಯೂ ಇದೆ.