ಕಡ್ಡಿಯೊಳಗಿನ ರಸ

ನಮ್ಮ ಬಚ್ಚಲುಮನೆಯ ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟವಿದೆ. ಮನೆಯವರ ನಾಲ್ಕು ಬ್ರಷ್ಷುಗಳು ಅದರಲ್ಲಿ ನಿಂತಿರುತ್ತವೆ. ಮೊನ್ನೆ ಭಾನುವಾರ ತೊಳೆಯೋಣವೆಂದು ಎತ್ತಿಕೊಂಡರೆ ತಳದಲ್ಲಿ ಗಂಜಿ ಕಟ್ಟಿದ ಹಾಗೆ ಬಿಳಿ ಲೋಳೆ. ಬ್ರಷ್ಷಿನ ತಲೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಎಳೆಗಳ ಬುಡದಲ್ಲೂ ಅದೇ. ಸೂಜಿ ತಂದು ಕೆದಕುತ್ತ ಕೂತೆ. ಅರ್ಧ ಗಂಟೆ ಕಳೆದರೂ ಒಂದು ಬ್ರಷ್ಷು ಪೂರ್ತಿಯಾಗಲಿಲ್ಲ.

ಹಾಗೆ ಕೆದಕುವಾಗ ಅದರ ಕಟ್ಟು ಕಣ್ಣಿಗೆ ಬಿತ್ತು. ತಲೆಯಲ್ಲಿ ಮೂವತ್ತು ನಲವತ್ತು ಪುಟ್ಟ ಕುಳಿಗಳು. ಒಂದೊಂದಕ್ಕೂ ಒಂದು ಚಿಟಿಕೆ ಎಳೆಗಳನ್ನು ನಡುವಿಗೆ ಮಡಚಿ, ಮಡಿಕೆಗೆ ಚೂರು ಲೋಹ ಸಿಕ್ಕಿಸಿ, ಯಂತ್ರ ಗುದ್ದಿ ಕೂರಿಸಿರುತ್ತದೆ. ಎಷ್ಟೇ ಬಿಗಿಯಾಗಿ ಕೂತರೂ ಮಡಿಕೆಯ ಸುತ್ತ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ನೀರು ಅಲ್ಲಿಗೆ ಸಲೀಸಾಗಿ ಇಳಿಯುತ್ತದೆ, ಆರಲು ಮಾತ್ರ ದಿನವಿಡೀ ಬೇಕು. ಈಗ ಕೆಲವು ತಯಾರಕರು ಲೋಹವನ್ನು ಬಿಟ್ಟು ಎಳೆಗಳ ಬುಡವನ್ನೇ ಕರಗಿಸಿ ತಲೆಯ ಪ್ಲಾಸ್ಟಿಕ್ಕಿಗೆ ಬೆಸೆಯುತ್ತಾರೆ. ಆ ಬ್ರಷ್ಷಿನಲ್ಲಿ ನೀರು ನಿಲ್ಲುವ ಕುಳಿ ಇರುವುದಿಲ್ಲ. ಯಾರ ಕಣ್ಣಿಗೂ ಬೀಳದ ಈ ಬದಲಾವಣೆಯನ್ನು ನಾನು ದೊಡ್ಡ ಕೆಲಸವೆಂದೇ ಎಣಿಸುತ್ತೇನೆ.

ಚಳ್ಳಕೆರೆ ಕಡೆಯ ನಮ್ಮ ಅಜ್ಜನ ಊರಿನಲ್ಲಿ ಈ ಪಾಡೇ ಇರಲಿಲ್ಲ. ರಜೆಗೆ ಹೋದರೆ ಬೆಳಿಗ್ಗೆ ದೊಡ್ಡಮ್ಮ ಬೇವಿನ ಮರದಿಂದ ಎಳೆಯ ಕಡ್ಡಿ ಮುರಿದು, ಎಲೆ ಸವರಿ, ನಮ್ಮ ಕೈಗೆ ಒಂದೊಂದು ಕೊಡುತ್ತಿದ್ದಳು. "ಮೊದಲು ಜಗಿ, ಕುಂಚ ಆಗಲಿ, ಆಮೇಲೆ ಉಜ್ಜು" ಎನ್ನುವುದು ಅವಳ ಪಾಠ. ಜಗಿದಂತೆ ನಾರು ಬಿಡಿಸಿಕೊಳ್ಳುತ್ತಿತ್ತು, ಕಹಿ ರಸ ಒಸಡಿಗೆಲ್ಲ ಹರಡುತ್ತಿತ್ತು. ಕೊನೆಗೆ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಬಿಲ್ಲಿನಂತೆ ಬಾಗಿಸಿ ನಾಲಿಗೆ ಕೆರೆದುಕೊಂಡು ತಿಪ್ಪೆಗೆ ಎಸೆದರೆ ಮುಗಿಯಿತು. ಸುಶ್ರುತ ಸಂಹಿತೆ ಈ ಕಡ್ಡಿಗೆ ಅಳತೆಯನ್ನೇ ಹೇಳಿದೆ: 12 ಅಂಗುಲ ಉದ್ದ, ಕಿರುಬೆರಳಿನ ದಪ್ಪ, ಗಂಟಿರಬಾರದು. ರುಚಿಗೊಂದರಂತೆ ಮರಗಳನ್ನೂ ಸೂಚಿಸಿದೆ. ಕಹಿಗೆ ಬೇವು, ಖಾರಕ್ಕೆ ಹೊಂಗೆ, ಒಗರಿಗೆ ಕಗ್ಗಲಿ, ಸಿಹಿಗೆ ಹಿಪ್ಪೆ.

ಬ್ರಷ್ಷಿನೊಳಗಿನಿಂದಲೇ ದ್ರವ ಹೊರಗೆ ಬರಬೇಕು, ಎಳೆ ಚೊಕ್ಕಟವಾಗಿರಬೇಕು. ಇವತ್ತು ಬ್ರಷ್ ವಿನ್ಯಾಸ ಮಾಡುವವರು ಹೆಣಗುವ ಈ ಎರಡು ಗಂಟುಗಳನ್ನೂ ಬೇವಿನ ಕಡ್ಡಿ ಬಿಡಿಸಿತ್ತು. ರಸ ಅದರೊಳಗೇ ಇತ್ತು, ಕುಂಚ ದಿನಕ್ಕೊಂದು ಹೊಸತು. ಕೆಡಲು ಅದಕ್ಕೆ ಹೊತ್ತೇ ಸಿಗುತ್ತಿರಲಿಲ್ಲ.

ತಿಂಗಳುಗಟ್ಟಲೆ ಬಾಳುವ ಬ್ರಷ್ಷು ಬಂದ ಮೇಲೆ ಎರಡೂ ಕೈತಪ್ಪಿದವು. ಇಂಗ್ಲೆಂಡಿನ ವಿಲಿಯಂ ಆಡಿಸ್ 1780ರ ಸುಮಾರಿಗೆ ಸೆರೆಮನೆಯಲ್ಲಿ ಕೂತು ಮೂಳೆಗೆ ತೂತು ಕೊರೆದು ಬಿರುಗೂದಲು ಪೋಣಿಸಿದ ಎಂಬ ಕಥೆಯಿದೆ. ಅದಕ್ಕೂ ಎಷ್ಟೋ ಮೊದಲೇ ಚೀನಾದಲ್ಲಿ ಹಂದಿಯ ಕೂದಲಿನ ಬ್ರಷ್ಷಿತ್ತು. ಹಂದಿ ಕೂದಲು ಬೇಗ ಆರುವುದಿಲ್ಲ, ತೇವ ಹಿಡಿದಿಟ್ಟುಕೊಂಡು ಸೂಕ್ಷ್ಮಜೀವಿಗಳಿಗೆ ಮನೆಯಾಗುತ್ತದೆ. 1938ರ ಫೆಬ್ರವರಿಯಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ನೈಲಾನ್ ಎಳೆಯ ಬ್ರಷ್ಷು ಮಾರುಕಟ್ಟೆಗೆ ಬಂತು. ನೈಲಾನ್ ಕಾಲುಚೀಲ ದೇಶವೆಲ್ಲ ಹಬ್ಬಿದ್ದು ಆಮೇಲೆ. ಜನ ಆ ನೂಲನ್ನು ಮೊದಲು ಕೊಂಡದ್ದು ಹಲ್ಲಿಗಾಗಿ. ಎಳೆ ಬೇಗ ಆರುವಂತಾಯಿತು, ಬುಡದ ಸಂದು ಹಾಗೇ ಉಳಿಯಿತು.

ಹಿಡಿಯೊಳಗೇ ಪೇಸ್ಟ್ ತುಂಬಿಕೊಂಡ ಬ್ರಷ್ಷಿನ ಕನಸೂ ಹಳೆಯದು. ಇದಕ್ಕಾಗಿ ಪಡೆದ ಪೇಟೆಂಟುಗಳು ರಾಶಿ ಬಿದ್ದಿವೆ. ಒಂದರಲ್ಲಿ ಬುಡ ತಿರುಗಿಸಿದರೆ ಒಳಗಿನ ಕೊಂತ ಮೇಲೇರುತ್ತದೆ, ಇನ್ನೊಂದರಲ್ಲಿ ಹಿಡಿಯನ್ನೇ ಹಿಚುಕಬೇಕು. ಕತ್ತಿನೊಳಗಿನ ಕಾಲುವೆಯಲ್ಲಿ ಹರಿದು ಬಂದ ಪೇಸ್ಟ್ ಎಳೆಗಳ ನಡುವೆ ಉಕ್ಕುತ್ತದೆ. ಕೇಳಲು ಸುಲಭ. ನಾವು ಶಾಲೆಗೆ ಒಯ್ಯುತ್ತಿದ್ದ ಶಾಯಿ ಪೆನ್ನು ನೆನಪಿರುವವರಿಗೆ ಕಷ್ಟ ತಟ್ಟನೆ ತಿಳಿಯುತ್ತದೆ. ಮುಚ್ಚಳ ಹಾಕದೆ ಬಿಟ್ಟರೆ ನಿಬ್ಬು ಒಣಗುತ್ತಿತ್ತು, ಜಾಡಿಸಿದರೆ ಅಂಗಿಗೆಲ್ಲ ಶಾಯಿ. ತೆಳು ಶಾಯಿಯದೇ ಆ ಪಾಡಾದರೆ ಪೇಸ್ಟಿನದು ಕೇಳಬೇಕೆ? ಒತ್ತಡ ಬಿದ್ದಾಗ ಹರಿಯುವುದು, ಬಿಟ್ಟೊಡನೆ ಗಟ್ಟಿಯಾಗಿ ನಿಲ್ಲುವುದು ಅದರ ಗುಣ. ಬ್ರಷ್ಷಿನ ಮೇಲೆ ಸಾಲಾಗಿ ಕೂರಲು ನೆರವಾಗುವ ಆ ಗುಣವೇ ಕಿರಿದಾದ ಕಾಲುವೆಯಲ್ಲಿ ಎದುರು ನಿಲ್ಲುತ್ತದೆ. ಬಾಯಿ ತುದಿಯಲ್ಲಿ ಒಣಗಿದ ಚೂರೊಂದು ಬಿರಡೆಯಾಗಿ ಕೂತರೆ ಮಾರನೆಯ ಬೆಳಿಗ್ಗೆ ಎಷ್ಟು ಹಿಚುಕಿದರೂ ಬರುವುದಿಲ್ಲ.

ಅದಕ್ಕಿಂತ ಕೆಟ್ಟದ್ದು ಹಿಂದಕ್ಕೆ ಹೀರಿಕೊಳ್ಳುವುದು. ಹಿಚುಕಿದ ಹಿಡಿ ಮೊದಲಿನ ಆಕಾರಕ್ಕೆ ಮರಳುವಾಗ ಎಂಜಲು, ನೊರೆ, ಊಟದ ಚೂರು ಕಾಲುವೆಯೊಳಕ್ಕೆ ಹೋಗುತ್ತವೆ. ತಡೆಯಲು ಬಾತುಕೋಳಿಯ ಕೊಕ್ಕಿನಂಥ ರಬ್ಬರ್ ಕವಾಟ ಇಡುತ್ತಾರೆ. ಒಳಗಿನಿಂದ ತಳ್ಳಿದರೆ ತುಟಿ ಬಿಚ್ಚುತ್ತದೆ, ಹೊರಗಿನಿಂದ ಒತ್ತಿದರೆ ಕಚ್ಚಿಕೊಳ್ಳುತ್ತದೆ. ಆ ತುಟಿಗಳ ನಡುವೆ ಒಂದು ಚೂರು ಸಿಕ್ಕಿಕೊಂಡರೂ ಸಾಕು, ಕವಾಟ ಸೋಲುತ್ತದೆ. ಹಾಗಾಗಿ ಇಂಥ ಬ್ರಷ್ಷು ಕೈಗೆ ಬಂದರೆ ನಾನು ಮೊದಲು ನೋಡುವುದು ಅದನ್ನು ಪೂರ್ತಿ ಬಿಚ್ಚಬಹುದೇ, ಬಿಸಿನೀರಿನಲ್ಲಿ ತೊಳೆದು ತುಂಡು ತುಂಡಾಗಿ ಒಣಗಿಸಬಹುದೇ ಎಂಬುದನ್ನು.

ಎಳೆಗಳನ್ನು ಚೊಕ್ಕಟವಾಗಿಡಲು ಹೂಡಿದ ಉಪಾಯಗಳಲ್ಲಿ ನನಗೆ ತುಂಬ ಹಿಡಿಸಿದ್ದು ಎಳೆಗಳು ಒಳಕ್ಕೆ ಸರಿಯುವಂಥದ್ದು. ತಲೆಯ ಮೇಲೆ ತೂತಿನ ತಗಡು, ತೂತಿಗೊಂದು ಗೊಂಚಲು. ಎಳೆಗಳನ್ನು ಕೆಳಕ್ಕೆ ಎಳೆದರೆ ಅಂಟಿದ್ದೆಲ್ಲ ತಗಡಿನ ಮೇಲೆ ಉಳಿಯುತ್ತದೆ, ನಲ್ಲಿ ನೀರಿಗೆ ಹಿಡಿದರೆ ಹೋಗುತ್ತದೆ. ಶ್ಯಾವಿಗೆ ಒರಳಿನ ಬಿಲ್ಲೆಯನ್ನು ಹಿಂದುಮುಂದಾಗಿ ನಡೆಸಿದ ಹಾಗೆ. ಎಳೆಗೆ ಬೆಳ್ಳಿ ಸೇರಿಸಿದವರಿದ್ದಾರೆ, ನೇರಳಾತೀತ ಬೆಳಕಿನ ಪೆಟ್ಟಿಗೆ ಮಾಡಿದವರಿದ್ದಾರೆ. ಆ ಬೆಳಕು ಬಿದ್ದಲ್ಲಿ ಸೂಕ್ಷ್ಮಜೀವಿ ಸಾಯುವುದು ನಿಜ, ಆದರೆ ದಟ್ಟ ಗೊಂಚಲಿನ ಬುಡದಲ್ಲಿ ನೆರಳೇ ಹೆಚ್ಚು. ಅಮೆರಿಕದ ದಂತವೈದ್ಯರ ಸಂಘ ಹೇಳುವುದು ಸರಳ: ಚೆನ್ನಾಗಿ ತೊಳೆಯಿರಿ, ತಲೆ ಮೇಲಾಗಿ ನಿಲ್ಲಿಸಿ, ಗಾಳಿಗೆ ಒಣಗಲಿ, ಒದ್ದೆಯಿದ್ದಾಗ ಮುಚ್ಚಿಡಬೇಡಿ, ಮೂರು ನಾಲ್ಕು ತಿಂಗಳಿಗೆ ಬದಲಿಸಿ. ಗಟ್ಟಿಮುಟ್ಟಾಗಿರುವವರಿಗೆ ಇಷ್ಟು ಸಾಕು.

ಗಟ್ಟಿಮುಟ್ಟಾಗಿ ಇಲ್ಲದವರ ಮಾತು ಬೇರೆ. ಕಡ್ಡಿ ಮುರಿದು ಕೊಡುತ್ತಿದ್ದ ಅದೇ ದೊಡ್ಡಮ್ಮನಿಗೆ ಎಂಬತ್ತೊಂದನೆಯ ವಯಸ್ಸಿನಲ್ಲಿ ಲಕ್ವ ಹೊಡೆಯಿತು. ಬಲಗೈ ಹೋಯಿತು, ಜೊತೆಗೆ ನುಂಗುವ ಹಿಡಿತವೂ ತಪ್ಪಿತು. ಬಾಯಿ ಮುಕ್ಕಳಿಸು ಎಂದು ನೀರು ಕೊಟ್ಟರೆ ಉಗುಳಲಾಗದು, ನೆತ್ತಿಗೇರಿ ಕೆಮ್ಮು. ನೀರಿನ ಜೊತೆ ಬಾಯಿಯ ಕೊಳೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಹೆದರಿ ನಾವು ಬ್ರಷ್ಷು ಮಾಡಿಸುವುದನ್ನೇ ಬಿಟ್ಟೆವು. ಅದು ತಪ್ಪೆಂದು ಆಮೇಲೆ ತಿಳಿಯಿತು. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದಿನವೂ ಆರೈಕೆಯವರು ಹಲ್ಲುಜ್ಜಿಸಿದ ಗುಂಪಿನಲ್ಲಿ ನ್ಯುಮೋನಿಯಾ ಬಂದದ್ದು ಶೇ 11 ಮಂದಿಗೆ. ಹಾಗೆ ಉಜ್ಜಿಸದ ಗುಂಪಿನಲ್ಲಿ ಶೇ 19 ಮಂದಿಗೆ.

ನೋಡಿಕೊಳ್ಳಲು ಬಂದ ನರ್ಸ್ ಒಂದು ಬ್ರಷ್ಷು ತಂದಳು. ಹಿಡಿ ಟೊಳ್ಳು, ಎಳೆಗಳ ನಡುವೆ ತೂತು, ಬುಡಕ್ಕೆ ಹೀರುವ ಯಂತ್ರದ ನಳಿಕೆ. ಹೆಬ್ಬೆರಳ ಕೆಳಗಿನ ಕಿಂಡಿ ಮುಚ್ಚಿದರೆ ಹೀರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಇನ್ನೊಂದು ಕೈಯಲ್ಲಿ ಸಿರಿಂಜಿನಿಂದ ಅವಳು ಹನಿ ಹನಿಯಾಗಿ ನೀರು ಬಿಡುತ್ತಿದ್ದಳು. ದ್ರವ ಕೊಡುವುದು, ತೆಗೆದುಕೊಳ್ಳುವುದು ಎರಡೂ ಒಂದೇ ಹಿಡಿಯೊಳಗೆ ಇದ್ದಿದ್ದರೆ ಅವಳ ಒಂದು ಕೈ ದೊಡ್ಡಮ್ಮನ ತಲೆ ಹಿಡಿಯಲು ಬಿಡುವಾಗುತ್ತಿತ್ತಲ್ಲ ಎಂದು ಪಕ್ಕದಲ್ಲಿ ನಿಂತ ನನಗೆ ದಿನವೂ ಅನಿಸುತ್ತಿತ್ತು. ಪ್ರಯಾಣದ ಚೀಲಕ್ಕೆಂದು ಪೇಸ್ಟ್ ತುಂಬಿದ ಬ್ರಷ್ಷು ಮಾಡುವವರು ಆ ಮಂಚದ ಪಕ್ಕ ಒಂದು ಬೆಳಗು ನಿಲ್ಲಬೇಕು. ಅವರ ಕವಾಟ, ಕಾಲುವೆ, ಕೊಂತಗಳ ಜಾಣ್ಮೆ ಸಲ್ಲಬೇಕಾದದ್ದು ಅಲ್ಲಿಗೆ. ಅಮೆರಿಕದ ದಂತವೈದ್ಯ ಇರಾ ಶ್ಯಾನನ್ ಅಂತರಿಕ್ಷದಲ್ಲಿ ಉಗುಳಲಾಗದ ಯಾತ್ರಿಗಳಿಗೆಂದು ನೊರೆ ಬಾರದ, ನುಂಗಬಹುದಾದ ಪೇಸ್ಟ್ ಮಾಡಿದ್ದರು. ಉಗುಳಲಾಗದವರು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದಾರೆ.

ಕೆಲಸ ಮುಗಿದ ಮೇಲೆ ನರ್ಸ್ ಒಂದು ಬಟ್ಟಲು ಕುದಿಸಿ ಆರಿಸಿದ ನೀರನ್ನು ಅದೇ ಬ್ರಷ್ಷಿನಿಂದ ಹೀರಿಸುತ್ತಿದ್ದಳು, ನಳಿಕೆಯಲ್ಲಿ ನೀರು ತಿಳಿಯಾಗುವವರೆಗೂ. ಆಮೇಲೆ ಅದನ್ನು ಬಿಚ್ಚಿ ಕಿಟಕಿಯ ಬಿಸಿಲಿಗೆ ಇಡುತ್ತಿದ್ದಳು. ಮೊದಲ ದಿನ ದೊಡ್ಡಮ್ಮ ನಾಲಿಗೆಯನ್ನು ಹಲ್ಲುಗಳ ಮೇಲೆ ಒಂದು ಸುತ್ತು ಆಡಿಸಿ, ಎಡಗೈ ಎತ್ತಿ ಅಂಗಳದ ಕಡೆ ತೋರಿಸಿದಳು. ಅಂಗಳದಲ್ಲಿ ಬೇವಿನ ಮರ ಚಿಗುರಿತ್ತು.