ಎಂಜಿನಿನ ಕೂಗು

ಅಳುವ ಮಗುವಿಗೆ ಹಸಿವೋ ಹೊಟ್ಟೆನೋವೋ ಎಂಬುದನ್ನು ತಾಯಿಯಾದವಳು ಬಲ್ಲಳು. ಕೂಗುವ ಯಂತ್ರದ ಸಂಕಟವನ್ನು ಅರಿಯುವಷ್ಟು ತಾಳ್ಮೆ ನಮಗಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಚಂದ್ರಗಿರಿ ಹೊಳೆಯ ದಡದಲ್ಲಿರುವ ನಮ್ಮ ಮನೆಯ ದೋಣಿಗೆ 2014ರಲ್ಲಿ ಹಳೆಯ ಔಟ್‌ಬೋರ್ಡ್ ಎಂಜಿನೊಂದನ್ನು ಕೊಂಡೆವು. ಎರಡು ಸ್ಟ್ರೋಕಿನದು, ಪೆಟ್ರೋಲಿಗೆ ಬೇಕಾದ ತೈಲವನ್ನು ತಾನೇ ಬೆರೆಸಿಕೊಳ್ಳುವಂಥದು. ತೈಲ ತಗ್ಗಿದರೂ ಮೈ ಕಾದರೂ ಕೂಗಿ ತಿಳಿಸುವ ಹಾರನ್ನೊಂದು ಅದಕ್ಕಿತ್ತು. ಒಂದು ದಿನ ಅದು ಬಿಡದೆ ಕೂಗತೊಡಗಿತು. ತೈಲದ ತೊಟ್ಟಿ ತುಂಬಿತ್ತು. ಎಂಜಿನಿನಿಂದ ಹೊರಕ್ಕೆ ಚಿಮ್ಮುವ ನೀರಿನ ಎಳೆಯೂ ಸರಿಯಾಗಿತ್ತು. ಬಂದರಿನ ಮೆಕ್ಯಾನಿಕರು ಬಂದು, ಶಾಖವನ್ನರಿಯುವ ಸ್ವಿಚ್ಚಿನಿಂದ ತಂತಿಯನ್ನು ಕಳಚಿದರು. ಆದರೂ ಕೂಗು ನಿಲ್ಲಲಿಲ್ಲ. ಹಾಗಾದರೆ ದೋಷ ತಂತಿಯಲ್ಲಿಯೇ ಇರಬೇಕೆಂದು ಹುಡುಕಲಾಗಿ, ಹೊದಿಕೆ ಸವೆದಿದ್ದ ಆ ತಂತಿ ಎಂಜಿನಿನ ಲೋಹಕ್ಕೆ ತಾಗುತ್ತಿದ್ದುದು ಕಂಡಿತು. ಸರಿಪಡಿಸಿಕೊಟ್ಟರು.

ಆ ಒಂದು ಸುಳ್ಳು ಕೂಗು ನಮ್ಮನ್ನು ಕೆಡಿಸಿತು. ಕೆಲವು ತಿಂಗಳ ಬಳಿಕ ಅಳಿವೆಯನ್ನು ಸಮೀಪಿಸುತ್ತಿದ್ದಾಗ ಹಾರನ್ನು ಮತ್ತೆ ಕೂಗಿತು. "ಮಾವಾ, ಇದು ಆ ತಂತಿಯದೇ ರಾಗ" ಎಂದ ಸೋದರಳಿಯ. ನಾವೂ ಹೌದೆಂದೆವು. ಅವನು ಹಾರನ್ನಿನ ತಂತಿಯನ್ನೇ ಕಿತ್ತುಬಿಟ್ಟ. ಆ ಮೌನ ಹಿತವಾಗಿತ್ತು. ನೀರಿನ ಎಳೆಯತ್ತ ಇಬ್ಬರೂ ತಿರುಗಿ ನೋಡಲಿಲ್ಲ. ಅಲೆಗಳು ಒಡೆಯುವೆಡೆಯಲ್ಲಿಯೇ ಎಂಜಿನು ಬಿಗಿದು ನಿಂತಿತು. ದೋಣಿ ಅಡ್ಡಕ್ಕೆ ತಿರುಗಿತು. ಹುಟ್ಟು ಹಾಕಿ ಅದರ ಮೂತಿಯನ್ನು ಅಲೆಗಿದಿರಾಗಿ ಹಿಡಿಯಲು ಹೆಣಗುತ್ತಿದ್ದ ಆ ಹುಡುಗನ ಮುಖ ಇಂದಿಗೂ ಕಣ್ಣಮುಂದಿದೆ. ಹಿಂದೆ ಬರುತ್ತಿದ್ದ ನೆರೆಯವರ ದೋಣಿಯಿಂದ ಹಗ್ಗ ಬಾರದಿರುತ್ತಿದ್ದರೆ ನಾವು ಅಕ್ಕನಿಗೆ ಯಾವ ಮುಖ ತೋರಿಸಬೇಕಿತ್ತು!

ದಡದಲ್ಲಿ ನೋಡಿದರೆ, ನೀರು ಹೀರುವ ಜಾಲರಿಗೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಕೊಂಡಿತ್ತು. ಕೂಗಿದೊಡನೆ ಎಂಜಿನನ್ನು ನಿಲ್ಲಿಸಿ, ಮೇಲೆತ್ತಿ, ಚೀಲವನ್ನು ತೆಗೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನೀರಿಲ್ಲದೆ ತಿರುಗಿದ ಪಂಪಿನ ರಬ್ಬರು ಚಕ್ರ ಹಾಳಾಗಿತ್ತು. ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ದುರಸ್ತಿಗೆ ತೆತ್ತ ಹಣಕ್ಕಿಂತ ನಮ್ಮ ಉದಾಸೀನವೇ ನಮ್ಮನ್ನು ಹೆಚ್ಚು ಚುಚ್ಚಿತು.

ಈಗ ನಮ್ಮ ಕ್ರಮ ಬೇರೆ. ಕೂಗಿದೊಡನೆ ವೇಗ ತಗ್ಗಿಸಿ ನೀರಿನ ಎಳೆಯನ್ನು ನೋಡುತ್ತೇವೆ. ಅದಿಲ್ಲವಾದರೆ ಎಂಜಿನು ನಿಲ್ಲಿಸಿ ಜಾಲರಿ ಪರೀಕ್ಷೆ. ಇದ್ದರೆ ತೈಲದ ತೊಟ್ಟಿಯತ್ತ ಕಣ್ಣು. ತಂತಿಯ ಮೇಲಿನ ಸಂಶಯವೆಲ್ಲ ದಡ ಸೇರಿದ ಮೇಲೆಯೇ. ಉಪ್ಪು ಕಟ್ಟದಂತೆ ಪ್ರತಿಸಲವೂ ಸಿಹಿನೀರು ಹಾಯಿಸಿ ತೊಳೆಯುತ್ತೇವೆ. ರಬ್ಬರು ಚಕ್ರವನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡುತ್ತೇವೆ.

ಕೀಲಿ ತಿರುಗಿಸಿದೊಡನೆ ಹಾರನ್ನು ಒಮ್ಮೆ ಮೆಲ್ಲನೆ ಕೂಗಿ, ತಾನು ಎಚ್ಚರವಾಗಿರುವೆನೆಂದು ಸಾರುವುದು ಆ ಎಂಜಿನಿನ ವಾಡಿಕೆ. ಆ ದನಿ ಕಿವಿಗೆ ಬೀಳುವವರೆಗೆ ನಮ್ಮ ಅಳಿಯ ಈಗ ದೋಣಿಯ ಹಗ್ಗ ಬಿಚ್ಚುವುದಿಲ್ಲ. ಅಕ್ಕನೂ ಅಷ್ಟೇ, ಅದನ್ನು ಕೇಳಿಯೇ ಒಳಗೆ ಹೋಗುತ್ತಾಳೆ.